ರಾತ್ರಿಯೆಲ್ಲಾ ಮಲಗಿದ್ರೂ ದಣಿವು ಹೋಗಲ್ಲ ಅನ್ನೋರ ನಿದ್ದೆ ಹೇಗಿದೆ ಅಂತ ಒಮ್ಮೆ ಕೇಳಿ: ಹಾಸನ ಜಿಲ್ಲೆಯ ವೈದ್ಯರಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ, ಜಿಲ್ಲೆಯ ಸರ್ಕಾರಿ ಮತ್ತು ಖಾಸಗಿ ವೈದ್ಯರೇ,

ನಮಸ್ಕಾರ.

ನಾನು ಬೇಲೂರು ತಾಲ್ಲೂಕಿನವಳು. ಖಾಸಗಿ ಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ, ಡಾಕ್ಟರಲ್ಲ. ನನ್ನ ತಂಗಿಯ ಕಾಯಿಲೆಯಿಂದಾಗಿ ಒಂದಷ್ಟು ಓದಿಕೊಂಡೆ, ಒಂದಷ್ಟು ಕಣ್ಣಾರೆ ಕಂಡೆ. ಅದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ವಿಷಯ ಇಷ್ಟೇ. "ರಾತ್ರಿಯೆಲ್ಲಾ ಮಲಗ್ತೀನಿ ಸರ್, ಬೆಳಿಗ್ಗೆ ಎದ್ದಾಗ ಮಲಗಿದ್ದೇ ಸುಳ್ಳು ಅನ್ನಿಸುತ್ತೆ" ಎಂದು ನಿಮ್ಮ ಹತ್ತಿರ ಹೇಳಿಕೊಳ್ಳುವವರಿಗೆ ನಮ್ಮ ಕಡೆ ಸಿಗುವುದು ಒಂದು ಕಬ್ಬಿಣದ ಮಾತ್ರೆ, ಅದಾದ ಮೇಲೆ ಒಂದು ನಿದ್ದೆ ಮಾತ್ರೆ, ಅದೂ ಆದ ಮೇಲೆ "ಸುಮ್ನೆ ಮಲಗಬೇಡಮ್ಮ, ಓಡಾಡು" ಅನ್ನುವ ಬುದ್ಧಿವಾದ. ನಿದ್ದೆ ಹೇಗಿದೆ ಅಂತ ಯಾರೂ ಕೇಳುವುದಿಲ್ಲ. ದಯವಿಟ್ಟು ಕೇಳಿ ಅನ್ನುವುದಕ್ಕೇ ಈ ಪತ್ರ.

ತಂಗಿಗೆ 2024ರ ಮಳೆಗಾಲದಲ್ಲಿ ಡೆಂಗಿ ಬಂತು. ಆ ವರ್ಷ ರಾಜ್ಯದಲ್ಲೆಲ್ಲಾ ಡೆಂಗಿ ಜೋರಾಗಿತ್ತು, ನಮ್ಮ ಜಿಲ್ಲೆಯಲ್ಲಿ ಸಾವುಗಳೂ ಆದವು, ನಿಮಗೆ ಗೊತ್ತಿರುವುದೇ. ಇವಳಿಗೆ ಪ್ಲೇಟ್‌ಲೆಟ್ ಇಳಿಯಿತು, ಅಡ್ಮಿಟ್ ಮಾಡಿಸಿದೆವು, ಡ್ರಿಪ್ ಹಾಕಿದರು, ಚೆನ್ನಾಗೇ ನೋಡಿಕೊಂಡರು. ಜ್ವರ ಬಿಟ್ಟಿತು, ಮನೆಗೆ ಬಂದಳು. ನಿಜವಾದ ಕಷ್ಟ ಶುರುವಾಗಿದ್ದು ಆಮೇಲೆ.

ಅವಳು ಟೈಲರ್. ಮನೆಯಲ್ಲೇ ಮಿಷನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾಳೆ. ಹೊಲಿಯುತ್ತಿದ್ದಳು ಅನ್ನಬೇಕೇನೋ. ಮದುವೆ ಸೀಸನ್ನಿನಲ್ಲಿ ರಾತ್ರಿ ಹನ್ನೆರಡರವರೆಗೆ ಪೆಡಲ್ ತುಳಿದು ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆಯುತ್ತಿದ್ದವಳು ಅವಳು. ಈಗ ಒಂದು ಬ್ಲೌಸ್ ಕತ್ತರಿಸಿ ಹೊಲಿದರೆ ಆವತ್ತು ಏನೂ ಆಗುವುದಿಲ್ಲ. ಮಾರನೇ ದಿನವೂ ಒಂದೊಂದು ಸಲ ಪರವಾಗಿಲ್ಲ. ಅದರ ಮಾರನೇ ದಿನ ಬೀಳುತ್ತಾಳೆ. ತಲೆ ಬಾಚಿಕೊಳ್ಳಲು ಎತ್ತಿದ ಕೈ ಅರ್ಧಕ್ಕೇ ಇಳಿಯುತ್ತದೆ, ಬಾಚಣಿಗೆ ಕೂದಲಲ್ಲೇ ಸಿಕ್ಕಿಕೊಂಡಿರುತ್ತದೆ, ನಾನೋ ಅಮ್ಮನೋ ಹೋಗಿ ಬಿಡಿಸಬೇಕು. ನಿಂತು ಸ್ನಾನ ಮಾಡಿದರೆ ತಲೆ ಸುತ್ತುತ್ತದೆ ಅಂತ ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲ್ ಇಟ್ಟಿದ್ದೇವೆ. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ಅಳತೆ ತಗೊಳ್ಳುವಾಗ ತೋಳಿನ ಉದ್ದ ನೋಡಿ, ಪುಸ್ತಕದಲ್ಲಿ ಬರೆಯುವಷ್ಟರಲ್ಲಿ ಮರೆತು, ಮತ್ತೆ ಟೇಪ್ ಹಿಡಿಯುತ್ತಾಳೆ. ಒಂಬತ್ತಕ್ಕೆ ಮಲಗಿ ಏಳಕ್ಕೆ ಎದ್ದರೂ ಮೈಯೆಲ್ಲಾ ಒನಕೆಯಲ್ಲಿ ಕುಟ್ಟಿದ ಹಾಗೆ ಅನ್ನುತ್ತಾಳೆ.

ಆಸ್ಪತ್ರೆಗಳ ಹೆಸರು ಬರೆಯುವುದಿಲ್ಲ. ಯಾರನ್ನೋ ಸಿಕ್ಕಿಹಾಕಿಸುವುದು ನನ್ನ ಉದ್ದೇಶ ಅಲ್ಲ, ಮತ್ತೆ ಎಲ್ಲ ಕಡೆಯೂ ನಡೆದದ್ದು ಹೆಚ್ಚುಕಡಿಮೆ ಒಂದೇ. ರಕ್ತ ಪರೀಕ್ಷೆ ಮಾಡಿದರು. ಹಿಮೋಗ್ಲೋಬಿನ್ ಸರಿ, ಥೈರಾಯ್ಡ್ ಸರಿ, ಸಕ್ಕರೆ ಸರಿ. "ಎಲ್ಲ ನಾರ್ಮಲ್ ಇದೆ, ಏನೂ ಇಲ್ಲ" ಅಂದರು. ಏನೂ ಇಲ್ಲ ಅನ್ನುವ ಮಾತನ್ನು ಅವಳ ಎದುರಿಗೇ, ಅವಳು ಗೋಡೆಗೆ ಒರಗಿ ನಿಂತಿರುವಾಗಲೇ ಹೇಳಿದರು. ಒಬ್ಬರು "ಗಂಡ ಚೆನ್ನಾಗಿ ನೋಡ್ಕೊಳ್ತಾರಾ? ಮನೇಲಿ ಟೆನ್ಶನ್ ಇದ್ಯಾ?" ಅಂತ ಕೇಳಿ, ಉತ್ತರ ಬರುವ ಮೊದಲೇ ಬರೆಯಲು ಶುರು ಮಾಡಿದರು. ಇನ್ನೊಬ್ಬರು "ಮಲಗೋದು ಜಾಸ್ತಿಯಾಗಿದೆ, ಅದಕ್ಕೇ ಸುಸ್ತು" ಅಂದರು. ನಿದ್ದೆ ಮಾತ್ರೆ ಕೊಟ್ಟರು. ರಾತ್ರಿ ಎಚ್ಚರವಾಗುವುದು ಕಡಿಮೆಯಾಯಿತು, ಬೆಳಿಗ್ಗೆ ತಲೆ ಭಾರ ಒಂದು ಹೊಸದಾಗಿ ಸೇರಿಕೊಂಡಿತು, ದಣಿವು ಅಲ್ಲೇ ಇತ್ತು. ಕೊನೆಗೆ ದಿನಾ ವಾಕಿಂಗ್, ವಾರ ವಾರ ಹೆಚ್ಚಿಸುತ್ತಾ ಹೋಗು ಅಂದರು. ಹೇಳಿದ ಹಾಗೇ ಮಾಡಿದಳು, ಹಟಮಾರಿ ಅವಳು. ಆ ವಾಕಿಂಗ್ ಅವಳನ್ನು ಹಾಸಿಗೆಗೆ ಹಾಕಿತು. ಮೊದಲು ಅಡುಗೆಮನೆವರೆಗಾದರೂ ಓಡಾಡುತ್ತಿದ್ದಳು.

ಈ ನಡುವೆ ಅಮ್ಮ ದೃಷ್ಟಿ ತೆಗೆದರು, ಹರಕೆ ಹೊತ್ತರು. ಅದಕ್ಕೆ ನಾನೇನೂ ಅನ್ನಲಿಲ್ಲ. ಆಸ್ಪತ್ರೆಯಲ್ಲಿ ಸಿಕ್ಕ ಉತ್ತರಕ್ಕಿಂತ ಅದೇನೂ ಕಡೆಯಾಗಿರಲಿಲ್ಲ.

ಈ ಕಾಯಿಲೆಗೆ ಹೆಸರಿದೆ. ಮಯಾಲ್ಜಿಕ್ ಎನ್‌ಸೆಫಲೊಮಯಲೈಟಿಸ್, ಅಥವಾ ಕ್ರಾನಿಕ್ ಫಟೀಗ್ ಸಿಂಡ್ರೋಮ್. ಎರಡನೇ ಹೆಸರು ಕೇಳಿದರೆ ಯಾರೋ ಸೋಮಾರಿಗೆ ಇಟ್ಟ ಹೆಸರಿನ ಹಾಗಿದೆ, ಅದೇ ತೊಂದರೆ. ಕಾಯಿಲೆ ಹೊಸದೇನಲ್ಲ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಸುಮಾರು 300 ಸಿಬ್ಬಂದಿ ಒಟ್ಟಿಗೇ ಬಿದ್ದರು, ಆಸ್ಪತ್ರೆಯನ್ನೇ ತಿಂಗಳುಗಟ್ಟಲೆ ಮುಚ್ಚಬೇಕಾಯಿತು. ಬಿದ್ದವರು ಹೆಚ್ಚಿನವರು ವೈದ್ಯರು, ನರ್ಸ್‌ಗಳು. 1969ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನರಮಂಡಲದ ಕಾಯಿಲೆಗಳ ಪಟ್ಟಿಗೆ ಹಾಕಿತು. 2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಇದ್ದ ಸಂಶೋಧನೆಯನ್ನೆಲ್ಲಾ ಜಾಲಾಡಿ ಗುರುತಿಸುವ ಲಕ್ಷಣಗಳನ್ನು ಸರಳ ಮಾಡಿತು. ಆರು ತಿಂಗಳಿಗಿಂತ ಹೆಚ್ಚು ಕಾಲ ಮೊದಲಿನ ಕೆಲಸ ಮಾಡಲಾಗದಷ್ಟು ದಣಿವು, ಕೆಲಸ ಮಾಡಿದ ಮೇಲೆ ತಡವಾಗಿ ಬೀಳುವ ಪೆಟ್ಟು, ಮಲಗಿದರೂ ಹಗುರಾಗದ ನಿದ್ದೆ, ಈ ಮೂರೂ ಇರಬೇಕು. ಜೊತೆಗೆ ನೆನಪು ಮತ್ತು ಯೋಚನೆ ಮಂಕಾಗುವುದು, ಇಲ್ಲವೇ ನಿಂತಾಗ ತಲೆಸುತ್ತು ಬರುವುದು, ಇವೆರಡರಲ್ಲಿ ಒಂದಾದರೂ ಇರಬೇಕು. ಮೇಲೆ ನಾನು ಬರೆದಿರುವ ಬಾಚಣಿಗೆ, ಸ್ಟೂಲ್, ಟೇಪ್ ಎಲ್ಲವನ್ನೂ ಇನ್ನೊಂದು ಸಲ ಓದಿ ನೋಡಿ. ಇಷ್ಟಕ್ಕೂ ನಾವು ಇದನ್ನೆಲ್ಲ ಡಾಕ್ಟರ ಮುಂದೆ ಹೇಳಿದ್ದೆವು.

ಡೆಂಗಿ ಬಂದು ಹೋದಮೇಲೆ ಇದು ಬರಬಹುದಾ ಅಂತ ಕೇಳಿದಾಗ "ಛೇ, ಅದೆಲ್ಲ ಮುಗೀತಲ್ಲ" ಅಂದರು. ಆಸ್ಟ್ರೇಲಿಯಾದ ಡಬ್ಬೊ ಅನ್ನುವ ಊರಿನ ಸುತ್ತಮುತ್ತ ಒಂದು ಅಧ್ಯಯನ ಆಯಿತು, 2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಮೂರು ಬೇರೆ ಬೇರೆ ಸೋಂಕಿನವರು, ಒಟ್ಟು 253 ಮಂದಿ. ಒಂದು ಕುತ್ತಿಗೆಯ ಗ್ರಂಥಿಗಳು ಊದಿಕೊಳ್ಳುವ ಗ್ರಂಥಿ ಜ್ವರ, ಇನ್ನೊಂದು ದನ ಕುರಿಗಳಿಂದ ಬರುವ ಕ್ಯೂ ಜ್ವರ, ಮೂರನೆಯದು ಸೊಳ್ಳೆಯಿಂದ ಹರಡುವ ರಾಸ್ ರಿವರ್ ಜ್ವರ. ಈ ರಾಸ್ ರಿವರ್ ವೈರಸ್ ನಮ್ಮ ಚಿಕೂನ್‌ಗುನ್ಯಾದ ಸಂಬಂಧಿ. ಆರು ತಿಂಗಳಾದಮೇಲೂ ನೂರಕ್ಕೆ 12 ಮಂದಿ ಏಳಲಾಗದೆ ಉಳಿದಿದ್ದರು, ಅವರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರದೂ ಇದೇ ಕಾಯಿಲೆ. ಮೂರೂ ಸೋಂಕಿನಲ್ಲಿ ಚಿತ್ರ ಒಂದೇ. ಯಾರಿಗೆ ಉಳಿಯಿತು ಅಂತ ನೋಡಿದರೆ ಮೊದಲ ಜ್ವರ ಯಾರಿಗೆ ಜೋರಾಗಿತ್ತೋ ಅವರಿಗೆ. ಮೊದಲೇ ಮನಸ್ಸಿನ ತೊಂದರೆ ಇತ್ತಾ ಇಲ್ಲವಾ ಅನ್ನುವುದಕ್ಕೂ ಇದಕ್ಕೂ ಸಂಬಂಧ ಕಾಣಲಿಲ್ಲ. ಮಳೆಗಾಲ ಬಂದರೆ ಡೆಂಗಿ, ಚಿಕೂನ್‌ಗುನ್ಯಾ, ಮಲೆನಾಡಿನ ಕಡೆ ಮಂಗನ ಕಾಯಿಲೆ ಅಂತ ಒಂದರ ಹಿಂದೆ ಒಂದು ನೋಡುವ ಊರಿನವರು ನಾವು. ಜ್ವರ ಬಿಟ್ಟ ಮೇಲೆ ಆರು ತಿಂಗಳಿಗೆ ಇವರೆಲ್ಲ ಹೇಗಿದ್ದಾರೆ ಅಂತ ಯಾರಾದರೂ ನೋಡಿದ್ದಾರಾ?

ಈಗ ನಿದ್ದೆಯ ವಿಷಯ.

ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಜೋಯಿ ಗಾಟ್ಸ್ ಅನ್ನುವ ಮನಃಶಾಸ್ತ್ರಜ್ಞೆ, ನಿದ್ದೆಯ ಮೇಲೆ ಕೆಲಸ ಮಾಡುವ ಇನ್ನೊಬ್ಬ ಮನಃಶಾಸ್ತ್ರಜ್ಞ ಜೇಸನ್ ಎಲ್ಲಿಸ್ ಮತ್ತು ಇತರರ ಜೊತೆ ಸೇರಿ ಈ ಕಾಯಿಲೆಯವರ ನಿದ್ದೆಯನ್ನು ಅಳೆದು ನೋಡಿದರು. 2013ರಲ್ಲಿ ಬಿಎಂಜೆ ಓಪನ್‌ನಲ್ಲಿ ಅದು ಪ್ರಕಟವಾಯಿತು. ನೆದರ್ಲೆಂಡ್ಸ್‌ನ 343 ರೋಗಿಗಳ ಸ್ಲೀಪ್ ಸ್ಟಡಿ ವಿವರಗಳು ಅವರ ಮುಂದಿದ್ದವು. ಸ್ಲೀಪ್ ಸ್ಟಡಿ ಅಂದರೆ ಪಾಲಿಸೊಮ್ನೊಗ್ರಫಿ. ತಲೆಗೆ, ಕಣ್ಣಿನ ಪಕ್ಕ, ಗಲ್ಲಕ್ಕೆ ವೈರು ಅಂಟಿಸಿ, ಎದೆಗೆ ಹೊಟ್ಟೆಗೆ ಪಟ್ಟಿ ಕಟ್ಟಿ, ಮೂಗಿನ ಹತ್ತಿರ ಉಸಿರು ನೋಡುವ ನಳಿಕೆ, ಬೆರಳಿಗೆ ಆಕ್ಸಿಜನ್ ಕ್ಲಿಪ್ ಹಾಕಿ ರಾತ್ರಿಯೆಲ್ಲಾ ಮಲಗಿಸಿ ದಾಖಲು ಮಾಡುತ್ತಾರಲ್ಲ, ಅದು.

ಅವರಿಗೆ ಸಿಕ್ಕಿದ್ದೇನು ಗೊತ್ತಾ? ಕ್ರಾನಿಕ್ ಫಟೀಗ್ ಅಂತ ಹೇಳಿಸಿಕೊಂಡಿದ್ದ ಈ ಜನರಲ್ಲಿ ನೂರಕ್ಕೆ 30 ಮಂದಿಗೆ ಬೇರೆಯದೇ ಒಂದು ನಿದ್ದೆಯ ಕಾಯಿಲೆ ಇತ್ತು. ಮಲಗಿದಾಗ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ, ಇಲ್ಲವೇ ನಿದ್ದೆಯಲ್ಲಿ ಕಾಲು ಮತ್ತೆ ಮತ್ತೆ ಸೆಳೆದು ಮಿದುಳನ್ನು ಎಬ್ಬಿಸುವ ತೊಂದರೆ, ಇಂಥವು. ಇವಕ್ಕೆ ಚಿಕಿತ್ಸೆ ಇದೆ! ಹತ್ತರಲ್ಲಿ ಮೂವರು ತಪ್ಪು ಚೀಟಿ ಹಿಡಿದುಕೊಂಡು ವರ್ಷಗಟ್ಟಲೆ ನರಳಿದರು ಅಂತ ಆಯಿತಲ್ಲವೇ. ಅದೂ ಅಲ್ಲಿ, ಪರೀಕ್ಷೆ ಸಿಗುವ ದೇಶದಲ್ಲಿ.

ಉಳಿದವರು 239 ಮಂದಿ. ಅವರಲ್ಲೂ ನೂರಕ್ಕೆ 89 ಮಂದಿಯ ನಿದ್ದೆಯಲ್ಲಿ ಯಂತ್ರಕ್ಕೆ ಕಾಣುವಂಥ ಒಂದಾದರೂ ಏರುಪೇರು ಇತ್ತು. ಅಂದರೆ "ನಿದ್ದೆ ಸರಿ ಇಲ್ಲ" ಅನ್ನುವುದು ಅವರ ಕಲ್ಪನೆ ಆಗಿರಲಿಲ್ಲ. ನನಗೆ ಮುಖ್ಯ ಅನ್ನಿಸಿದ್ದು ಇದರ ಮುಂದಿನ ಮಾತು. ಎಲ್ಲರ ನಿದ್ದೆಯೂ ಒಂದೇ ಥರ ಕೆಟ್ಟಿರಲಿಲ್ಲ, ನಾಲ್ಕು ಥರ ಕಂಡಿತು. ಕೆಲವರಿಗೆ ಮಲಗಿ ಎಷ್ಟು ಹೊತ್ತಾದರೂ ನಿದ್ದೆ ಹತ್ತುವುದಿಲ್ಲ. ಕೆಲವರಿಗೆ ಹತ್ತುತ್ತದೆ, ಆದರೆ ಗಂಟೆಗೆ ಹಲವು ಸಲ ಮಿದುಳು ಎಚ್ಚರಗೊಂಡು ನಿದ್ದೆ ತುಂಡು ತುಂಡಾಗುತ್ತದೆ, ಇದು ಮಲಗಿದವರಿಗೇ ಗೊತ್ತಾಗದೆ ಇರಬಹುದು. ಕೆಲವರು ಎಲ್ಲರಿಗಿಂತ ಜಾಸ್ತಿ ಹೊತ್ತು ಮಲಗುತ್ತಾರೆ. ಕೆಲವರದು ಎಲ್ಲರಿಗಿಂತ ಕಡಿಮೆ, ನಡುರಾತ್ರಿ ಎದ್ದರೆ ಕಣ್ಣು ಬಿಟ್ಟುಕೊಂಡೇ ಇರುತ್ತಾರೆ. ಈಗ ಹೇಳಿ, ಈ ನಾಲ್ವರಿಗೂ ಅದೇ ನಿದ್ದೆ ಮಾತ್ರೆ ಬರೆದರೆ ಹೇಗೆ? ಹತ್ತು ಗಂಟೆ ಮಲಗಿಯೂ ಏಳಲಾಗದವಳಿಗೆ ನಿದ್ದೆ ಮಾತ್ರೆ ಏನು ಮಾಡಬೇಕು? ಉಸಿರು ಕಟ್ಟುವವರಿಗಂತೂ ಕೆಲವು ಜಾತಿಯ ನಿದ್ದೆ ಮಾತ್ರೆಗಳು ಕಷ್ಟವನ್ನು ಹೆಚ್ಚಿಸಬಹುದು. ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ಗಾಟ್ಸ್ ಅವರದೇ ಇನ್ನೊಂದು ಅಧ್ಯಯನ ಮಧ್ಯಾಹ್ನದ ನಿದ್ದೆಯ ಬಗ್ಗೆ. ದಿನಾ ಮಧ್ಯಾಹ್ನ ಮಲಗುವ ರೋಗಿಗಳಲ್ಲಿ ಗಮನ, ನೆನಪಿನ ತೊಂದರೆ ಮತ್ತು ಹಗಲಿನ ತೂಕಡಿಕೆ ಹೆಚ್ಚು ಕಂಡಿತು. ಮಲಗುವುದರಿಂದ ಹಾಗಾಯಿತೋ, ಹಾಗಾಗಿದ್ದಕ್ಕೇ ಮಲಗುತ್ತಾರೋ, ಅದು ಬೇರೆ ಪ್ರಶ್ನೆ. ಇದನ್ನು ಹಿಡಿದುಕೊಂಡು "ನೋಡಿ, ನಾವು ಹೇಳಿದ್ದೇ ಸರಿ, ಮಲಗಲೇಬಾರದು" ಅಂತ ಯಾರೂ ಹೊರಡಬೇಡಿ. ಕಣ್ಣು ಮುಚ್ಚಿ ಸುಮ್ಮನೆ ಒರಗಿ ವಿಶ್ರಾಂತಿ ತಗೊಳ್ಳುವುದು ಬೇರೆ, ಮಧ್ಯಾಹ್ನ ಎರಡು ಗಂಟೆ ಗಾಢವಾಗಿ ನಿದ್ದೆ ಹೊಡೆಯುವುದು ಬೇರೆ. ನಮ್ಮ ಮನೆಯಲ್ಲಿ ಇದೊಂದು ತಿಳಿದುಕೊಂಡಿದ್ದರಿಂದ ಎಷ್ಟೋ ಜಗಳ ಕಡಿಮೆಯಾಯಿತು. ಡಾಕ್ಟರು ಹೇಳಬೇಕಿದ್ದ ಮಾತು ಇದು.

ಮನಃಶಾಸ್ತ್ರಜ್ಞರು ಸಂಶೋಧನೆ ಮಾಡಿದ್ದಾರೆ ಅಂದಮೇಲೆ ಇದು ಮನಸ್ಸಿನ ಕಾಯಿಲೆಯೇ ಅಲ್ವಾ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ಕೇಳಿದರು. ನಿಮ್ಮಲ್ಲೂ ಕೆಲವರಿಗೆ ಹಾಗನ್ನಿಸಬಹುದು. ಹಾಗಲ್ಲ. ನಿದ್ದೆಯನ್ನು ಅಳೆಯುವುದು, ರೋಗಿ ಹೇಳಿದ್ದನ್ನು ಸರಿಯಾಗಿ ಕೇಳಿ ದಾಖಲಿಸುವುದು ಅವರ ವಿದ್ಯೆ. ಶಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದ ಲಿಯೊನಾರ್ಡ್ ಜೇಸನ್ ಕೂಡ ಮನಃಶಾಸ್ತ್ರಜ್ಞರೇ. ಗ್ರಂಥಿ ಜ್ವರ ಬಂದು ಅವರೇ ಈ ಕಾಯಿಲೆಗೆ ಬಿದ್ದಿದ್ದರು. ಆಗ ಇದನ್ನು "ಯಪ್ಪಿ ಫ್ಲೂ" ಅಂತ ಲೇವಡಿ ಮಾಡುತ್ತಿದ್ದರು, ಕೆಲಸ ಮಾಡಲು ಮನಸ್ಸಿಲ್ಲದ ದುಡ್ಡಿದ್ದವರ ಶೋಕಿ ಅಂತ. ಲಿಯೊನಾರ್ಡ್ ಜೇಸನ್ ಆಸ್ಪತ್ರೆಗೆ ಬಂದವರನ್ನು ಎಣಿಸುವುದನ್ನು ಬಿಟ್ಟು ಊರಿಗೇ ಫೋನ್ ಮಾಡಿದರು. ಶಿಕಾಗೋದಲ್ಲಿ 18,675 ಮಂದಿಯನ್ನು ಮಾತಾಡಿಸಿ, ಅನುಮಾನ ಇದ್ದವರನ್ನು ಪರೀಕ್ಷೆ ಮಾಡಿಸಿ, 1999ರಲ್ಲಿ ಲೆಕ್ಕ ಕೊಟ್ಟರು. ಸಾವಿರಕ್ಕೆ ನಾಲ್ವರಿಗೆ ಈ ಕಾಯಿಲೆ. ಹೆಂಗಸರಲ್ಲಿ ಹೆಚ್ಚು, ಕಡಿಮೆ ಓದಿದವರಲ್ಲಿ, ಕೆಳಗಿನ ಹಂತದ ಕೆಲಸದವರಲ್ಲಿ ಹೆಚ್ಚು. ಹತ್ತರಲ್ಲಿ ಒಂಬತ್ತು ಮಂದಿಗೆ ಅದುವರೆಗೂ ಯಾವ ಡಾಕ್ಟರೂ ಕಾಯಿಲೆ ಗುರುತಿಸಿರಲಿಲ್ಲ. ಶೋಕಿ ಅನ್ನುವ ಮಾತು ಅಲ್ಲಿಗೆ ನಿಲ್ಲಬೇಕಿತ್ತು. ಇಲ್ಲಿ ಇನ್ನೂ ನಿಂತಿಲ್ಲ, ನಮ್ಮಲ್ಲಿ ಅದಕ್ಕೆ "ಕಾಲು ಚಾಚಿಕೊಂಡು ಮಲಗೋ ಕಾಯಿಲೆ" ಅನ್ನುತ್ತಾರೆ ಅಷ್ಟೇ.

ಹಾಗಂತ ಸುಸ್ತು ಅಂದವರಿಗೆಲ್ಲ ಇದೇ ಕಾಯಿಲೆ ಅಂತ ನಾನು ಹೇಳುತ್ತಿಲ್ಲ. ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ, ಹಾಗಾಗಿ ಮೊದಲು ರಕ್ತ ನೋಡುವುದು ಸರಿಯೇ. ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಅವರ ಜೊತೆಗಾರರು ಸುಮಾರು 2,500 ಹೆಂಗಸರನ್ನು ಮಾತಾಡಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 12 ಮಂದಿ ಆರು ತಿಂಗಳಿಗೂ ಮೀರಿದ ಸುಸ್ತು ಹೇಳಿಕೊಂಡರು. ಅಲ್ಲಿ ಸುಸ್ತಿಗೆ ಅಂಟಿಕೊಂಡಿದ್ದು ಬಡತನ, ಗಂಡನ ಹಿಂಸೆ, ಮನಸ್ಸಿನ ನೋವು. ಹಿಮೋಗ್ಲೋಬಿನ್‌ಗೂ ಸುಸ್ತಿಗೂ ನೇರ ನಂಟು ಕಾಣಲಿಲ್ಲ. ಅಂದರೆ "ಮನೇಲಿ ಟೆನ್ಶನ್ ಇದ್ಯಾ" ಅನ್ನುವ ಪ್ರಶ್ನೆ ತಪ್ಪಲ್ಲ. ಉತ್ತರ ಕೇಳಿಸಿಕೊಳ್ಳದೆ, ಫೈಲು ಮುಚ್ಚುವುದಕ್ಕೆ ಆ ಪ್ರಶ್ನೆ ಬಳಸುವುದು ತಪ್ಪು.

ಇನ್ನು ನಮ್ಮ ಊರಿನ ರಾತ್ರಿಗಳನ್ನೂ ಸ್ವಲ್ಪ ನೋಡಿ. ತ್ರೀ ಫೇಸ್ ಕರೆಂಟು ನಡುರಾತ್ರಿ ಬಂತು ಅಂದರೆ ಎದ್ದು ಮೋಟಾರ್ ಹಾಕಲು ಹೋಗುವವರಿದ್ದಾರೆ. ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆ ಬಂತು ಅಂತ ಮೊಬೈಲಿಗೆ ಮೆಸೇಜ್ ಬಂದರೆ ಮನೆಮಂದಿಯೆಲ್ಲಾ ಎದ್ದು ಕೂರುತ್ತಾರೆ. ಕುಯ್ಲಿನ ಕಾಲದಲ್ಲಿ ಕಣದಲ್ಲಿ ಹರಡಿದ ಕಾಫಿ ಕಾಯಲು ಅಲ್ಲೇ ಮಲಗುತ್ತಾರೆ. ನೈಟ್ ಸರ್ವಿಸ್ ಬಸ್ಸಿನ ಡ್ರೈವರ್‌ಗಳಿದ್ದಾರೆ. ಇವರಿಗೆ ಸುಸ್ತಾದರೆ ಅದು ನಿದ್ದೆ ಸಿಗದ ಸುಸ್ತು. ನಾಲ್ಕು ದಿನ ಚೆನ್ನಾಗಿ ಮಲಗಿದರೆ ಎದ್ದು ನಿಲ್ಲುತ್ತಾರೆ. ಗೊರಕೆ ಹೊಡೆಯುತ್ತಾ ಉಸಿರು ಕಟ್ಟಿ ಏಳುವವರು ಹಗಲಲ್ಲಿ ಬಸ್ಸಿನಲ್ಲಿ ಕೂತಲ್ಲೇ ತೂಕಡಿಸುತ್ತಾರೆ. ನನ್ನ ತಂಗಿ ತೂಕಡಿಸುವುದಿಲ್ಲ. ಕಣ್ಣು ಬಿಟ್ಟುಕೊಂಡೇ, ಎಚ್ಚರವಾಗಿಯೇ, ಒಂದು ಲೋಟ ಎತ್ತಲಾಗದೆ ಬಿದ್ದಿರುತ್ತಾಳೆ. ಮೂವರೂ ನಿಮ್ಮ ಹತ್ತಿರ ಬಂದು ಹೇಳುವುದು "ಸುಸ್ತು ಡಾಕ್ಟ್ರೇ" ಅಂತಲೇ. ಕೇಳದೆ ಬೇರ್ಪಡಿಸುವುದು ಹೇಗೆ?

ಓಪಿಡಿಯಲ್ಲಿ ಹೊರಗೆ ಸಾಲು ನಿಂತಿರುತ್ತದೆ, ಒಬ್ಬರಿಗೆ ಎರಡು ನಿಮಿಷವೂ ಸಿಗುವುದಿಲ್ಲ ಅಂತ ನನಗೂ ಗೊತ್ತು. ನಾನೂ ಆ ಸಾಲಿನಲ್ಲೇ ನಿಂತಿದ್ದವಳು. ಅದಕ್ಕೇ ಅರ್ಧ ಗಂಟೆ ಕೇಳುತ್ತಿಲ್ಲ. ಮೂರು ಪ್ರಶ್ನೆ ಕೇಳಿ ಸಾಕು. ಎಷ್ಟಕ್ಕೆ ಮಲಗಿ ಎಷ್ಟಕ್ಕೆ ಏಳ್ತೀರಿ, ನಡುವೆ ಏನಾಗುತ್ತೆ? ಎದ್ದಾಗ ಹಗುರಾಗಿರುತ್ತಾ? ಜಾಸ್ತಿ ಕೆಲಸ ಮಾಡಿದ್ರೆ ಮಾರನೇ ದಿನ, ಅದರ ಮಾರನೇ ದಿನ ಹೇಗಿರ್ತೀರಿ? ಕೊನೆಯದನ್ನು ಬಿಡಬೇಡಿ. ಈ ಕಾಯಿಲೆಯಲ್ಲಿ ಪೆಟ್ಟು ಸಾಮಾನ್ಯವಾಗಿ 12ರಿಂದ 48 ಗಂಟೆ ತಡವಾಗಿ ಬರುತ್ತದೆ, ಆದ್ದರಿಂದ ನಿಮ್ಮ ಮುಂದೆ ಕೂತಾಗ ರೋಗಿ ಚೆನ್ನಾಗೇ ಕಾಣಬಹುದು. ಆಸ್ಪತ್ರೆಗೆ ಬಂದು ಹೋದದ್ದರ ಪೆಟ್ಟು ಮನೆಗೆ ಹೋದಮೇಲೆ ಬೀಳುತ್ತದೆ, ಅದನ್ನು ನೀವು ನೋಡುವುದೇ ಇಲ್ಲ.

ಉಸಿರು ಕಟ್ಟುವ ತೊಂದರೆಯ ಅನುಮಾನಕ್ಕೆ ಸ್ಟಾಪ್-ಬ್ಯಾಂಗ್ ಅಂತ ಎಂಟು ಪ್ರಶ್ನೆಗಳ ಪಟ್ಟಿ ಇದೆ. ಗೊರಕೆ, ಹಗಲಿನ ಸುಸ್ತು, ಮಲಗಿದಾಗ ಉಸಿರು ನಿಂತಿದ್ದನ್ನು ಯಾರಾದರೂ ನೋಡಿದ್ದಾರಾ, ಬಿಪಿ, ತೂಕ, ವಯಸ್ಸು, ಕುತ್ತಿಗೆ ಸುತ್ತಳತೆ, ಗಂಡೋ ಹೆಣ್ಣೋ. ಬಿಪಿ ಯಂತ್ರ, ತೂಕದ ಯಂತ್ರ, ಒಂದು ಟೇಪು ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್ ಮಾಡಿ ಮುಗಿಸಬಹುದು. ಟೇಪು ಬೇಕಾದರೆ ತಂಗಿಯ ಹತ್ತಿರ ಇದೆ, ಈಗ ಅದಕ್ಕೆ ಕೆಲಸ ಇಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ. ಈ ಪಟ್ಟಿಯಲ್ಲಿ ಗಂಡಸಾಗಿದ್ದರೆ ಒಂದು ಅಂಕ ಜಾಸ್ತಿ. ಹೆಂಗಸರಲ್ಲಿ ಆಪ್ನಿಯಾ ಇದ್ದರೂ ಎಷ್ಟೋ ಸಲ ಗೊರಕೆಗಿಂತ ಸುಸ್ತು, ತಲೆನೋವು, ನಿದ್ದೆ ಬರಲ್ಲ ಅನ್ನುವ ದೂರೇ ಮುಂದೆ ಬರುತ್ತದೆ. ಅಂಕ ಕಡಿಮೆ ಬಂತು ಅಂತ ಅವರನ್ನು ವಾಪಸ್ ಕಳಿಸಬೇಡಿ.

ಸ್ಲೀಪ್ ಸ್ಟಡಿಗೆ ನಮ್ಮನ್ನು ಬೆಂಗಳೂರಿಗೆ ಹೋಗಿ ಅಂದರು. ಹೋದೆವು. ಖರ್ಚು ಹಾಲಿನ ದುಡ್ಡಿನಲ್ಲಿ ಆಗುವಂಥದ್ದಲ್ಲ, ಒಡವೆ ಇಟ್ಟು ಹೋಗಿದ್ದು. ಪ್ರಯಾಣದಿಂದಲೇ ಅವಳು ಎಷ್ಟೋ ದಿನ ಏಳಲಿಲ್ಲ. ಉಸಿರು ಕಟ್ಟುವುದು ಇಲ್ಲ, ನಿದ್ದೆ ತುಂಡಾಗುತ್ತಿದೆ ಅಂತ ರಿಪೋರ್ಟ್ ಬಂತು. ಕಾಯಿಲೆ ವಾಸಿಯಾಗಿಲ್ಲ. ಆದರೆ ಆ ಹಾಳೆ ಕೈಗೆ ಬಂದಮೇಲೆ ನಿದ್ದೆ ಮಾತ್ರೆ ನಿಂತಿತು, ಡಾಕ್ಟರ ಸಲಹೆಯಂತೆ ನಿಧಾನವಾಗಿ ಬಿಡಿಸಿದರು. ಮಾವನ ಮನೆಯವರೂ ಮೊದಲನೇ ಸಲ ಅವಳ ಮಾತನ್ನು ನಂಬಿದರು. ನನಗೆ ಸಿಟ್ಟು ಬರುವುದು ಇಲ್ಲೇ. ಅವಳು ಬಾಯಿಬಿಟ್ಟು ಹೇಳಿದ್ದನ್ನು ಯಾರೂ ನಂಬಲಿಲ್ಲ, ವೈರಿನಲ್ಲಿ ಬಂದಿದ್ದನ್ನು ಎಲ್ಲರೂ ನಂಬಿದರು.

2025ರ ಮೇ, ಜೂನ್‌ನಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ದಿನಾ ಬರುತ್ತಿದ್ದಾಗ ಏನಾಯಿತು ನೆನಪಿದೆಯಲ್ಲ. ಜನ ಇಸಿಜಿಗೆ ಸಾಲುಗಟ್ಟಿದರು, ಸರ್ಕಾರ ತಜ್ಞರ ಸಮಿತಿ ಮಾಡಿತು, ಒಂದೊಂದು ಸಾವಿನ ವಿವರವನ್ನೂ ತೆಗೆಸಿತು. ಮಾಡಲೇಬೇಕಿತ್ತು. ಮನಸ್ಸು ಮಾಡಿದರೆ ಇಲಾಖೆಗೆ ಎಣಿಸಲು ಬರುತ್ತದೆ ಅಂತ ಆಗ ಗೊತ್ತಾಯಿತು. ಈ ಕಾಯಿಲೆಯಿಂದ ಸಾಯುವುದು ಅಪರೂಪ, ಇದ್ದವರು ಸುದ್ದಿಯಾಗುವುದಿಲ್ಲ, ಒಳಮನೆಯಲ್ಲಿ ಮಲಗಿರುತ್ತಾರೆ. ಅದಕ್ಕೇ ಯಾರ ಲೆಕ್ಕಕ್ಕೂ ಬಂದಿಲ್ಲ.

ಹಾಗಾಗಿ ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ನನ್ನ ಕೋರಿಕೆ. ಡೆಂಗಿ, ಚಿಕೂನ್‌ಗುನ್ಯಾ ಖಚಿತವಾದವರ ಪಟ್ಟಿ ನಿಮ್ಮಲ್ಲಿ ಇದ್ದೇ ಇರುತ್ತದೆ. ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆಯರ ಮೂಲಕ ಅವರನ್ನು ಒಂದು ಮಾತು ಕೇಳಿಸಿ, ಮೊದಲಿನ ಕೆಲಸಕ್ಕೆ ಮರಳಿದ್ದೀರಾ ಅಂತ. ಆಶಾಗಳಿಗೆ ಈಗಾಗಲೇ ಹೊರೆ ಜಾಸ್ತಿ, ಈ ಕೆಲಸಕ್ಕೆ ದುಡ್ಡು ಕೊಟ್ಟು ಮಾಡಿಸಿ. ಜಿಲ್ಲಾ ಮಟ್ಟದಲ್ಲಿ ಒಂದಾದರೂ ಸ್ಲೀಪ್ ಸ್ಟಡಿ ಹಾಸಿಗೆ ಬಡವರ ಕೈಗೆ ಎಟಕುವ ಹಾಗೆ ಇರಲಿ, ಆಗದಿದ್ದರೆ ಮನೆಗೇ ಕೊಟ್ಟು ಕಳಿಸುವ ಚಿಕ್ಕ ಯಂತ್ರಗಳನ್ನಾದರೂ ತರಿಸಿ. ಅವು ಉಸಿರಿನ ತೊಂದರೆಯನ್ನು ಹಿಡಿಯುತ್ತವೆ, ಅಷ್ಟಾದರೂ ಆಗಲಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಇರುವ ಮನಃಶಾಸ್ತ್ರಜ್ಞರಿಗೆ ನಿದ್ದೆಯ ಡೈರಿ ಬರೆಸುವುದು, ನಿದ್ದೆ ಬಾರದವರಿಗೆ ಮಾತ್ರೆ ಇಲ್ಲದೆ ಕೊಡುವ ಚಿಕಿತ್ಸೆ, ಇವುಗಳ ತರಬೇತಿ ಕೊಡಿಸಿ. ಬೆಂಗಳೂರಲ್ಲಿ ನಿಮ್ಹಾನ್ಸ್ ಇದೆ, ಕೇಳಿದರೆ ಹೇಳಿಕೊಡುವವರು ಇದ್ದಾರೆ.

ವೈದ್ಯರಲ್ಲಿ ಇನ್ನೂ ಒಂದು. ದಯವಿಟ್ಟು ಈ ಕಾಯಿಲೆಯವರಿಗೆ ವ್ಯಾಯಾಮವನ್ನು ಹೆಚ್ಚಿಸುತ್ತಾ ಹೋಗಿ ಅಂತ ಬರೆಯಬೇಡಿ. 2011ರ ಪೇಸ್ ಎಂಬ ಬ್ರಿಟಿಷ್ ಪ್ರಯೋಗದ ನಂತರ ಈ ಸಲಹೆ ಎಲ್ಲ ಕಡೆ ಗಟ್ಟಿಯಾಯಿತು, ಆಮೇಲೆ ಆ ಪ್ರಯೋಗದ ಲೆಕ್ಕಾಚಾರದ ಬಗ್ಗೆಯೇ ದೊಡ್ಡ ತಕರಾರು ಎದ್ದಿತು. 2021ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ತನ್ನ ಹಳೆಯ ಮಾರ್ಗಸೂಚಿ ಬದಲಿಸಿ, ಹಂತ ಹಂತವಾಗಿ ವ್ಯಾಯಾಮ ಹೆಚ್ಚಿಸುವ ಚಿಕಿತ್ಸೆ ಕೊಡಬೇಡಿ, ಇರುವ ಶಕ್ತಿಯ ಮಿತಿಯೊಳಗೆ ಬದುಕುವುದನ್ನು ಕಲಿಸಿ ಅಂತ ಹೇಳಿತು. ಆರು ತಿಂಗಳು ಕಾಯದೆ, ಲಕ್ಷಣಗಳು ಮೂರು ತಿಂಗಳು ಇದ್ದರೆ ಕಾಯಿಲೆ ಗುರುತಿಸಿ ಅಂತಲೂ ಹೇಳಿತು. ನನ್ನ ತಂಗಿಗೆ ವಾಕಿಂಗ್ ಬರೆದುಕೊಟ್ಟಿದ್ದು ಈ ಮಾರ್ಗಸೂಚಿ ಬಂದು ಮೂರು ವರ್ಷವಾದ ಮೇಲೆ. "ರಾತ್ರಿ ಕಾಫಿ ಬಿಡಿ" ಅಂತ ಬೇಕಾದರೆ ಬರೆಯಿರಿ. ಕಾಫಿ ಬೆಳೆಯುವ ಊರಲ್ಲಿ ಕಷ್ಟವೇ, ಆದರೂ ಅದನ್ನು ಕೇಳುತ್ತೇವೆ.

ತಂಗಿಯ ರಿಪೋರ್ಟುಗಳು, ಔಷಧಿ ಚೀಟಿಗಳು, ನಾವು ಬರೆದಿಟ್ಟಿರುವ ನಿದ್ದೆಯ ಡೈರಿ, ಎಲ್ಲದರ ಪ್ರತಿಯನ್ನು ನಾನೇ ಕಚೇರಿಗೆ ತಂದು ಕೊಡುತ್ತೇನೆ. ಯಾರು ಯಾವ ಚೀಟಿ ಬರೆದರು ಅನ್ನುವುದನ್ನು ಅಳಿಸಿಯೇ ತರುತ್ತೇನೆ. ಅವಳನ್ನೂ ಕರೆದುಕೊಂಡು ಬನ್ನಿ ಅಂತ ಮಾತ್ರ ಹೇಳಬೇಡಿ. ಬೇಲೂರಿಂದ ಹಾಸನಕ್ಕೆ ಬಸ್ಸಿನಲ್ಲಿ ಬಂದು ಹೋದರೆ ಆ ವಾರ ಅವಳು ಎದ್ದು ಕೂರುವುದಿಲ್ಲ. ಮಾತಾಡಿಸಲೇಬೇಕು ಅಂತಿದ್ದರೆ ಇ-ಸಂಜೀವಿನಿಯಲ್ಲಿ ವಿಡಿಯೋ ಕಾಲ್ ಮಾಡಿ. ಬೆಳಿಗ್ಗೆ ಹನ್ನೊಂದರ ಮೇಲೆ ಮಾಡಿದರೆ ಒಳ್ಳೆಯದು, ಅಷ್ಟೊತ್ತಿಗೆ ಅವಳಿಗೆ ಮಾತಾಡುವಷ್ಟು ತ್ರಾಣ ಬಂದಿರುತ್ತದೆ.

ಇಂತಿ,
ಬೇಲೂರು ತಾಲ್ಲೂಕಿನ ಒಬ್ಬ ಶಿಕ್ಷಕಿ